ಇಮ್ಯುನಿಟಿಗೆ ಯಾವ ಎಣ್ಣೆ? ನೀಲಗಿರಿ, ಟೀ ಟ್ರೀ, ಲ್ಯಾವೆಂಡರ್, ಲವಂಗ: ಒಂದು ಹೋಲಿಕೆ

ಶೀತ ಶುರುವಾದರೆ ಸಾಕು, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ನೀಲಗಿರಿ ಎಣ್ಣೆ ಒಳ್ಳೆಯದೋ, ಟೀ ಟ್ರೀಯೋ? ಲ್ಯಾವೆಂಡರ್ ತಗೊಂಡರೆ ನಿದ್ದೆಗೂ ಆಯಿತು, ಇಮ್ಯುನಿಟಿಗೂ ಆಯಿತು ಅಲ್ವಾ? ಲವಂಗದ ಎಣ್ಣೆ ಎಲ್ಲಕ್ಕಿಂತ ಸ್ಟ್ರಾಂಗ್ ಅಂತಾರಲ್ಲ? ಬಾಟಲಿ ತಿರುಗಿಸಿ ನೋಡಿದರೆ ಎಲ್ಲದರ ಮೇಲೂ ಒಂದೇ ಮಾತು: 'ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ'. ಆರಿಸುವುದಾದರೂ ಹೇಗೆ?

ಆ ಮಾತನ್ನೇ ಮೊದಲು ಬಿಡಿಸಿ ನೋಡೋಣ. ಈ ಎಣ್ಣೆಗಳು ನಮ್ಮ ರೋಗನಿರೋಧಕ ವ್ಯವಸ್ಥೆಯನ್ನು ಮುಟ್ಟುವುದು ನಿಜ. ಆದರೆ ಪ್ರಯೋಗಾಲಯದಲ್ಲಿ ಕಂಡಿರುವ ಪರಿಣಾಮಗಳಲ್ಲಿ ಬಹುಪಾಲು ಅದನ್ನು ತಣ್ಣಗಾಗಿಸುವಂಥವು. ಉರಿಯೂತದ ಸಂದೇಶ ಹೊತ್ತು ತಿರುಗುವ ಟಿಎನ್ಎಫ್, ಇಂಟರ್‌ಲ್ಯೂಕಿನ್ ಮುಂತಾದ ಪ್ರೋಟೀನುಗಳು ಕಡಿಮೆಯಾಗುತ್ತವೆ. ಊತ, ಉರಿ, ಕಫ ಇರುವವರಿಗೆ ಇದರಿಂದ ಉಪಯೋಗ ಇರಬಹುದು. ಅದನ್ನು 'ಶಕ್ತಿ ಹೆಚ್ಚಿತು' ಅನ್ನುವುದು ಮಾತ್ರ ವಿಚಿತ್ರ. ಗಲಾಟೆ ಮಾಡುವವನನ್ನು ಸುಮ್ಮನೆ ಕೂರಿಸಿ, 'ನೋಡಿ, ಇವನಿಗೆ ಎಷ್ಟು ಹುರುಪು ಬಂತು' ಎಂದ ಹಾಗೆ.

ಇನ್ನೊಂದು ವಿಷಯವನ್ನು ಯಾವ ಬಾಟಲಿಯೂ ಹೇಳುವುದಿಲ್ಲ. ಈ ಎಣ್ಣೆಗಳು ಜನರ ರೋಗನಿರೋಧಕ ವ್ಯವಸ್ಥೆಯ ಮೇಲೆ ಮಾಡುವ ಪರಿಣಾಮಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಸಾಬೀತಾಗಿರುವುದು ಚರ್ಮದ ಅಲರ್ಜಿ. ಎಣ್ಣೆಯ ಚಿಕ್ಕ ಅಣುಗಳು ಚರ್ಮದೊಳಗೆ ಇಳಿದು ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಚರ್ಮದ ಕಾವಲು ಕೋಶಗಳು ಅದನ್ನು ಹತ್ತಿರದ ದುಗ್ಧಗ್ರಂಥಿಗೆ ಹೊತ್ತೊಯ್ದು, ಶತ್ರುವನ್ನು ನೆನಪಿಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳಿಗೆ 'ಇವನನ್ನು ನೆನಪಿಟ್ಟುಕೊಳ್ಳಿ' ಎಂದು ತೋರಿಸುತ್ತವೆ. ಮೊದಲ ಸಲ ಏನೂ ಆಗುವುದಿಲ್ಲ. ಮುಂದೆ ಎಂದೋ ಅದೇ ಎಣ್ಣೆ ತಾಕಿದಾಗ, ಒಂದೆರಡು ದಿನ ಬಿಟ್ಟು ಕೆಂಪಾಗಿ ತುರಿಕೆ ಏಳುತ್ತದೆ. ಆ ನೆನಪು ಸಾಮಾನ್ಯವಾಗಿ ಜೀವನಪೂರ್ತಿ ಅಳಿಸುವುದಿಲ್ಲ. ಹಾಗಾಗಿ ಎಣ್ಣೆ ಆರಿಸುವಾಗ 'ಯಾವುದು ಇಮ್ಯುನಿಟಿ ಜಾಸ್ತಿ ಮಾಡುತ್ತದೆ' ಅಂತ ಕೇಳುವುದಕ್ಕಿಂತ, 'ಯಾವುದು ನನ್ನ ಕಷ್ಟಕ್ಕೆ ಸ್ವಲ್ಪ ಆಗಿಬರುತ್ತದೆ, ಯಾವುದು ನನ್ನ ಮೈಗೆ ಹೊಸ ಜಗಳ ಕಲಿಸುತ್ತದೆ' ಅಂತ ಕೇಳುವುದು ಒಳ್ಳೆಯದು.

ಅಳೆಯುವುದು ಹೇಗೆ

ನಾನು ನೋಡುವ ಮೊದಲ ವಿಷಯ, ಬಾಟಲಿಯೊಳಗಿನ ಮುಖ್ಯ ಅಣು ಯಾವುದು ಎಂಬುದು. ಗಿಡದ ಹೆಸರಿಗಿಂತ ಅದೇ ಮುಖ್ಯ. ನೀಲಗಿರಿಯಲ್ಲಿ ಸಿನಿಯೋಲ್, ಲವಂಗದಲ್ಲಿ ಯುಜೆನಾಲ್, ಓಮದಲ್ಲಿ ಮತ್ತು ಥೈಮ್ ಗಿಡದಲ್ಲಿ ಥೈಮಾಲ್, ಲ್ಯಾವೆಂಡರ್‌ನಲ್ಲಿ ಲಿನಲೂಲ್, ನಿಂಬೆ ಕಿತ್ತಳೆ ಸಿಪ್ಪೆಯಲ್ಲಿ ಲಿಮೊನೀನ್. ಒಂದೇ ಅಣು ಇರುವ ಎರಡು ಬೇರೆ ಗಿಡದ ಎಣ್ಣೆಗಳು ಅಣ್ಣತಮ್ಮಂದಿರ ಹಾಗೆ ವರ್ತಿಸುತ್ತವೆ.

ಎರಡನೆಯದು, ಅದು ಮೈಯೊಳಗೆ ಹೋಗುವ ದಾರಿ. ಮೂಸುವುದು, ಹಚ್ಚುವುದು, ನುಂಗುವುದು: ಮೂರೂ ಬೇರೆಯೇ ಲೆಕ್ಕ. ಮೂಸಿದಾಗ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ನುಂಗಿದರೆ ಪೂರ್ತಿ ಹನಿಯೇ ಒಳಗೆ. 1 ಎಂಎಲ್ ಅಂದರೆ ಸುಮಾರು 20 ಹನಿ ಅಂತ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರನೆಯದು ಪುರಾವೆ ಎಲ್ಲಿಂದ ಬಂತು ಅನ್ನುವುದು. ಗಾಜಿನ ತಟ್ಟೆಯಲ್ಲಿ ಕೋಶಗಳ ಮೇಲೆ ಎಣ್ಣೆ ಸುರಿದು ನೋಡಿದ್ದೋ, ಇಲಿಗೆ ಕೊಟ್ಟು ನೋಡಿದ್ದೋ, ಜನರಿಗೆ ಕೊಟ್ಟು ನೋಡಿದ್ದೋ? ತಟ್ಟೆಯಲ್ಲಿ ಹಾಕುವ ಪ್ರಮಾಣ ಡಿಫ್ಯೂಸರ್ (ಎಣ್ಣೆಯ ವಾಸನೆಯನ್ನು ಗಾಳಿಗೆ ಹರಡುವ ಸಾಧನ) ಹಚ್ಚಿದ ಕೋಣೆಯಲ್ಲಿ ಕೂತವರ ರಕ್ತಕ್ಕೆ ಎಂದೂ ತಲುಪುವುದಿಲ್ಲ.

ಉಳಿದವು ಚಿಕ್ಕವು, ಆದರೆ ಮರೆಯುವಂಥವಲ್ಲ. ಮನೆಯಲ್ಲಿ ಮಗು, ಬಸುರಿ, ಅಸ್ತಮಾದವರು, ಬೆಕ್ಕು ಇದ್ದಾರೆಯೇ? ಬಾಟಲಿ ತೆರೆದು ಎಷ್ಟು ದಿನವಾಯಿತು?

ನೀಲಗಿರಿ: ಪುರಾವೆಯಲ್ಲಿ ಮುಂದೆ, ಬಾಟಲಿಯಲ್ಲಿ ಅಪಾಯ

ಜನರ ಮೇಲೆ ಮಾಡಿದ ಪ್ರಯೋಗಗಳನ್ನು ನೋಡಿದರೆ ಈ ಗುಂಪಿನಲ್ಲಿ ನೀಲಗಿರಿಯ ಸಿನಿಯೋಲ್ ಮುಂದಿದೆ. 2003ರಲ್ಲಿ ಪ್ರಕಟವಾದ ಒಂದು ಜರ್ಮನ್ ಅಧ್ಯಯನದಲ್ಲಿ, ದಿನವೂ ಸ್ಟೀರಾಯ್ಡ್ ಮಾತ್ರೆ ನುಂಗಬೇಕಿದ್ದ 32 ಮಂದಿ ಅಸ್ತಮಾ ರೋಗಿಗಳಿದ್ದರು. ಅರ್ಧ ಜನರಿಗೆ 200 ಮಿಲಿಗ್ರಾಂ ಸಿನಿಯೋಲ್ ದಿನಕ್ಕೆ ಮೂರು ಸಲ, ಉಳಿದವರಿಗೆ ಬರೀ ಹುಸಿ ಮಾತ್ರೆ. 12 ವಾರದಲ್ಲಿ ಸಿನಿಯೋಲ್ ತೆಗೆದುಕೊಂಡವರು ಸ್ಟೀರಾಯ್ಡನ್ನು ಸರಾಸರಿ ಶೇಕಡಾ 36ರಷ್ಟು ಇಳಿಸಲು ಆಯಿತು. ಹುಸಿ ಮಾತ್ರೆಯವರಲ್ಲಿ ಅದು ಶೇಕಡಾ 7. 2009ರಲ್ಲಿ ದೀರ್ಘಕಾಲದ ಶ್ವಾಸಕೋಶದ ತೊಂದರೆ ಇದ್ದ 242 ಜನರ ಮೇಲೆ ಚಳಿಗಾಲದ 6 ತಿಂಗಳು ನಡೆದ ಪ್ರಯೋಗದಲ್ಲೂ ಕಾಯಿಲೆ ಉಲ್ಬಣಿಸುವುದು ಕಡಿಮೆಯಾಯಿತು.

ಇಲ್ಲಿ ಕೆಲಸ ಮಾಡಿದ್ದು ಉರಿಯೂತ ತಗ್ಗಿಸುವ ಗುಣ, ಸ್ಟೀರಾಯ್ಡ್ ಮಾಡುವ ಕೆಲಸದ ಚಿಕ್ಕ ತಮ್ಮ. ಇನ್ನೊಂದು ಮಾತು, ಅಲ್ಲಿ ಕೊಟ್ಟಿದ್ದು ಅಳೆದು ತುಂಬಿದ ಶುದ್ಧ ಸಿನಿಯೋಲ್ ಕ್ಯಾಪ್ಸೂಲ್. ಅದೂ ವೈದ್ಯರ ಕಣ್ಣಳತೆಯಲ್ಲಿ, ಇರುವ ಔಷಧಿಯ ಜೊತೆಗೆ. ಇದನ್ನು ಓದಿ ಬಾಟಲಿಯಿಂದ ನಾಲ್ಕು ಹನಿ ಬಿಸಿನೀರಿಗೆ ಹಾಕಿ ಕುಡಿಯುವುದಕ್ಕೂ ಆ ಪ್ರಯೋಗಕ್ಕೂ ಏನೂ ಸಂಬಂಧ ಇಲ್ಲ.

ಏಕೆಂದರೆ ಇದೇ ನೀಲಗಿರಿ ಎಣ್ಣೆ ನುಂಗಿದಾಗ ಸಿಟ್ಟಾಗುವ ಎಣ್ಣೆ. ಒಂದು ಟೀ ಚಮಚದಷ್ಟು, ಅಂದರೆ ಸುಮಾರು 5 ಎಂಎಲ್ ಕುಡಿದ ಮಕ್ಕಳಿಗೆ ಫಿಟ್ಸ್ ಬಂದು ಪ್ರಜ್ಞೆ ತಪ್ಪಿದ ಪ್ರಕರಣಗಳಿವೆ. ತಮಾಷೆ ಏನೆಂದರೆ, ಇಲಿಗಳ ಲೆಕ್ಕ ಮಾತ್ರ ನೋಡಿದರೆ ಸಿನಿಯೋಲ್ ಅಷ್ಟೇನೂ ಭಯಂಕರವಾಗಿ ಕಾಣುವುದಿಲ್ಲ. ಇಲಿಯ ಅರ್ಧಮಾರಕ ಪ್ರಮಾಣ, ಅಂದರೆ ಕೊಟ್ಟ ಇಲಿಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣ, ಕಿಲೋ ತೂಕಕ್ಕೆ ಸುಮಾರು 2.5 ಗ್ರಾಂ, ಥೈಮಾಲ್‌ಗೆ ಅದು 1 ಗ್ರಾಮಿಗೂ ಕಡಿಮೆ. ಇಲಿಗೆ ಸುರಕ್ಷಿತ ಅಂತ ಮಗುವಿನ ಕೈಗೆಟುಕುವಂತೆ ಇಡಲಾದೀತೇ?

ಹಬೆ ತೆಗೆದುಕೊಳ್ಳುವವರಿಗೆ ನನ್ನ ಲೆಕ್ಕ ಇಷ್ಟು: ದೊಡ್ಡವರಾದರೆ ಒಂದೆರಡು ಹನಿ, ಕಣ್ಣು ಮುಚ್ಚಿ, ಐದಾರು ನಿಮಿಷ. ಮಕ್ಕಳನ್ನು ಬಿಸಿನೀರಿನ ಪಾತ್ರೆಯ ಮುಂದೆ ಕೂರಿಸಲೇಬೇಡಿ. ಎಣ್ಣೆಗಿಂತ ಮೊದಲು ಕುದಿನೀರೇ ಮೈ ಸುಡುತ್ತದೆ. ಇನ್ನು ಅಸ್ತಮಾದವರಲ್ಲಿ ಕೆಲವರಿಗೆ ಘಾಟು ವಾಸನೆಯೇ ಉಬ್ಬಸ ಎಬ್ಬಿಸುತ್ತದೆ. ಕ್ಯಾಪ್ಸೂಲ್ ಪ್ರಯೋಗ ಅಸ್ತಮಾದವರಿಗೇ ಆಗಿದ್ದರೂ ಹಬೆ ಅವರಿಗೆ ಆಗದೇ ಇರಬಹುದು. ಮೂಗಿನ ದಾರಿಯೇ ಬೇರೆ, ಹೊಟ್ಟೆಯ ದಾರಿಯೇ ಬೇರೆ.

ಟೀ ಟ್ರೀ: ಚರ್ಮಕ್ಕೆ, ಚರ್ಮಕ್ಕೆ ಮಾತ್ರ

ಹೆಸರಲ್ಲಿ ಟೀ ಇದ್ದರೂ ಚಹಾ ಗಿಡಕ್ಕೂ ಇದಕ್ಕೂ ನಂಟಿಲ್ಲ. ಆಸ್ಟ್ರೇಲಿಯಾದ ಮೆಲಲೂಕ ಆಲ್ಟರ್ನಿಫೋಲಿಯ ಎಂಬ ಮರದ್ದು. ಮುಖ್ಯ ಅಣು ಟರ್ಪಿನೆನ್-4-ಓಲ್. ಈ ಎಣ್ಣೆಗೆ ಅಂತರರಾಷ್ಟ್ರೀಯ ಮಾನದಂಡವೇ ಇದೆ, ಐಎಸ್ಒ 4730 ಅಂತ. ಅದರ ಪ್ರಕಾರ ಈ ಅಣು ಕಡಿಮೆ ಅಂದರೂ ಶೇಕಡಾ 30ರ ಮೇಲಿರಬೇಕು, ಹೊಸ ಪರಿಷ್ಕರಣೆಯಲ್ಲಿ 35. ಕೊಳ್ಳುವವರಿಗೆ ಇದು ಅನುಕೂಲ, ಲೇಬಲ್ ಮೇಲೆ ಹುಡುಕಲು ಒಂದು ಗುರುತಾದರೂ ಇದೆ.

2000ದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಟರ್ಪಿನೆನ್-4-ಓಲ್ ಮನುಷ್ಯರ ರಕ್ತದ ಬಿಳಿ ಕೋಶಗಳಿಂದ ಹೊರಬರುವ ಟಿಎನ್ಎಫ್ ಮತ್ತು ಕೆಲವು ಇಂಟರ್‌ಲ್ಯೂಕಿನ್‌ಗಳನ್ನು ತಗ್ಗಿಸಿತು. ಅದು ತಟ್ಟೆಯ ಕಥೆ. ಚರ್ಮದ ಮೇಲಿನ ಕಥೆ ಇನ್ನೂ ಉಪಯುಕ್ತ: 1990ರಲ್ಲಿ 124 ಜನ ಮೊಡವೆಯವರ ಮೇಲೆ ಶೇಕಡಾ 5ರ ಟೀ ಟ್ರೀ ಜೆಲ್ ಮತ್ತು ಮೊಡವೆಗೆ ಸಾಮಾನ್ಯವಾಗಿ ಕೊಡುವ ಔಷಧಿಯಾದ ಶೇಕಡಾ 5ರ ಬೆಂಜಾಯಿಲ್ ಪೆರಾಕ್ಸೈಡ್ ಹೋಲಿಸಿ ನೋಡಿದರು. ಎರಡೂ ಕೆಲಸ ಮಾಡಿದವು. ಟೀ ಟ್ರೀ ನಿಧಾನ, ಆದರೆ ಉರಿ ಮತ್ತು ಸಿಪ್ಪೆ ಏಳುವ ತೊಂದರೆ ಕಡಿಮೆ. ಅವಸರ ಇಲ್ಲದವರಿಗೆ, ಚರ್ಮ ಬೇಗ ಉರಿಯುವವರಿಗೆ ಇದು ನಿಜವಾದ ಆಯ್ಕೆ.

ಇದರ ದೊಡ್ಡ ದೋಷ ವಯಸ್ಸು. ಗಾಳಿ ಬೆಳಕು ತಾಕಿದ ಹಾಗೆ ಎಣ್ಣೆ ಹಳಸುತ್ತದೆ, ಅಸ್ಕಾರಿಡೋಲ್‌ನಂಥ ಹೊಸ ಅಣುಗಳು ಹುಟ್ಟುತ್ತವೆ. ಅಲರ್ಜಿ ಎಬ್ಬಿಸುವುದರಲ್ಲಿ ಇವು ತಾಜಾ ಎಣ್ಣೆಗಿಂತ ಮುಂದು. ನಾನೂ ಇದನ್ನು ಕೆಟ್ಟ ದಾರಿಯಲ್ಲೇ ಕಲಿತೆ. ಕಿಟಕಿಯ ಬಳಿ ಎರಡು ವರ್ಷ ಬಿದ್ದಿದ್ದ ಬಾಟಲಿಯ ಎಣ್ಣೆಯನ್ನು ಏನೂ ಬೆರೆಸದೆ ಮೊಣಕೈಗೆ ಹಚ್ಚಿದ್ದೆ. ಮೂರನೇ ದಿನ ಕೈ ತುಂಬಾ ಗುಳ್ಳೆ. ಈಗ ಹೊಸ ಬಾಟಲಿಯ ಒಂದು ಹನಿಯೂ ನನಗೆ ಆಗುವುದಿಲ್ಲ. ಬಾಟಲಿ ತೆರೆದ ದಿನಾಂಕ ಬರೆದಿಡಿ, ಕಪ್ಪು ಗಾಜಿನಲ್ಲಿ ತಣ್ಣಗೆ ಇಡಿ, ವರ್ಷ ದಾಟಿದರೆ ಮೈಗೆ ಬೇಡ. ಬಾಯಿಗೆ ಯಾವತ್ತೂ ಬೇಡ. ನುಂಗಿದವರಿಗೆ ಅಮಲೇರಿದಂತಾಗಿ ನಡಿಗೆ ತಪ್ಪುತ್ತದೆ. ಬೆಕ್ಕು ನಾಯಿಗಳಿಗೂ ವಿಷ.

ಲ್ಯಾವೆಂಡರ್, ನಿಂಬೆ: ಮನಸ್ಸಿಗೆ ಹಿತ, ಅಷ್ಟೇ

ವಾಸನೆ ಮೂಸಿದರೆ ಇಮ್ಯುನಿಟಿ ಏರುತ್ತದೆಯೇ ಅನ್ನುವ ಪ್ರಶ್ನೆಯನ್ನು ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು ನೇರವಾಗಿ ಪರೀಕ್ಷೆಗೆ ಹಚ್ಚಿದರು. 2008ರಲ್ಲಿ ಅದು ಪ್ರಕಟವಾಯಿತು. 56 ಜನ ಆರೋಗ್ಯವಂತರಿಗೆ ಬೇರೆ ಬೇರೆ ದಿನ ನಿಂಬೆ, ಲ್ಯಾವೆಂಡರ್ ಮತ್ತು ಬರೀ ನೀರು ಮೂಸಿಸಿದರು. ನಿಂಬೆಯಿಂದ ಮನಸ್ಸು ಗೆಲುವಾಯಿತು, ಅದು ಸ್ಪಷ್ಟ. ಆದರೆ ರಕ್ತದ ಉರಿಯೂತದ ಗುರುತುಗಳು, ಗಾಯ ಮಾಯುವ ವೇಗ, ನೋವು ಇವು ಯಾವುದೂ ಎರಡೂ ಎಣ್ಣೆಗಳಿಂದ ಸುಧಾರಿಸಲಿಲ್ಲ. ಚರ್ಮದ ಮೇಲೆ ರೋಗನಿರೋಧಕ ಪ್ರತಿಕ್ರಿಯೆ ಅಳೆಯುವ ಒಂದು ಪರೀಕ್ಷೆಯಲ್ಲಂತೂ ಎಣ್ಣೆಗಳಿಗಿಂತ ನೀರು ಮೂಸಿದಾಗಲೇ ಪ್ರತಿಕ್ರಿಯೆ ಜಾಸ್ತಿ ಇತ್ತು! ನೀರನ್ನು ಬಾಟಲಿಗೆ ತುಂಬಿ 'ಇಮ್ಯುನಿಟಿ ಬೂಸ್ಟರ್' ಅಂತ ಮಾರಬಹುದಿತ್ತೇನೋ.

ಹಾಗಂತ ಲ್ಯಾವೆಂಡರ್ ದಂಡ ಅಂತಲ್ಲ. ಮಲಗುವ ಮುಂಚೆ ಅದರ ವಾಸನೆಯಿಂದ ನಿಮಗೆ ಹಾಯೆನಿಸಿ ನಿದ್ದೆ ಬಂದರೆ, ನಿದ್ದೆ ಮೈಗೆ ಒಳ್ಳೆಯದೇ. ನುಂಗಿದರೆ ಆಗುವ ಅಪಾಯದಲ್ಲೂ ಲಿನಲೂಲ್ ಈ ಪಟ್ಟಿಯ ಸೌಮ್ಯ ಅಣುಗಳಲ್ಲೊಂದು. ಚರ್ಮದ ವಿಷಯಕ್ಕೆ ಬಂದರೆ ಮಾತ್ರ ಅದೇ ಹಳೆಯ ಕಥೆ. ತಾಜಾ ಲಿನಲೂಲ್, ತಾಜಾ ಲಿಮೊನೀನ್ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಗಾಳಿ ತಾಕಿ ಹಳಸಿ ಹೈಡ್ರೋಪೆರಾಕ್ಸೈಡ್ ಎಂಬ ಹೊಸ ಅಣುಗಳಾದಾಗ ಚೆನ್ನಾಗಿಯೇ ಅಲರ್ಜಿ ಕಲಿಸುತ್ತವೆ. ಯುರೋಪಿನಲ್ಲಿ ಮೈಗೆ ಹಚ್ಚಿ ಬಿಡುವ ಕ್ರೀಮಿನಲ್ಲಿ ಇವು ಶೇಕಡಾ 0.001 ಮೀರಿದರೆ ಲೇಬಲ್ ಮೇಲೆ ಹೆಸರು ಹಾಕಲೇಬೇಕು. ನಿಂಬೆ ಜಾತಿಯ ಹಿಂಡಿದ ಎಣ್ಣೆಗಳಿಗೆ ಇನ್ನೊಂದು ಚಾಳಿ ಇದೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗೆ ಕಲೆ ಬೀಳುತ್ತದೆ. ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಎಣ್ಣೆ ಇದರಲ್ಲಿ ಕುಖ್ಯಾತ. ಹಬೆಯಲ್ಲಿ ಬಟ್ಟಿ ಇಳಿಸಿದ ಎಣ್ಣೆಯಲ್ಲಿ ಆ ತೊಂದರೆ ಕೊಡುವ ಫ್ಯೂರೊಕೂಮರಿನ್‌ಗಳು ಬಹುತೇಕ ಇರುವುದಿಲ್ಲ.

ಲವಂಗ, ಓಮ: ಖಾರದವರು

ಯುಜೆನಾಲ್ ಮತ್ತು ಥೈಮಾಲ್ ಎರಡೂ ಫೀನಾಲ್ ಗುಂಪಿನವು. ರೋಗಾಣುವಿನ ಹೊರಪೊರೆ ಹರಿದು ಕೊಲ್ಲುವುದರಲ್ಲಿ ಇವು ನಿಸ್ಸೀಮ. ಅದಕ್ಕೇ ಥೈಮಾಲ್ ಬಾಯಿ ಮುಕ್ಕಳಿಸುವ ದ್ರಾವಣಗಳಲ್ಲಿದೆ, ನೆಲ ಮೇಜು ಒರೆಸುವ ಸೋಂಕುನಿವಾರಕಗಳಲ್ಲಿದೆ. ಯುಜೆನಾಲ್ ಹಲ್ಲಿನ ವೈದ್ಯರ ತಾತ್ಕಾಲಿಕ ಸಿಮೆಂಟಿನಲ್ಲಿದೆ. ಆದರೆ ಪೊರೆ ಹರಿಯುವ ಅಣುವಿಗೆ ರೋಗಾಣುವಿನ ಪೊರೆ, ನಿಮ್ಮ ಕೋಶದ ಪೊರೆ ಎಂಬ ಭೇದ ಅಷ್ಟಾಗಿ ಗೊತ್ತಿಲ್ಲ. 'ಸ್ಟ್ರಾಂಗ್' ಅಂದರೆ ಎರಡೂ ಕಡೆಗೆ ಸ್ಟ್ರಾಂಗ್.

ಒಂದು ಸಣ್ಣ ಲೆಕ್ಕ ಹಾಕೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಜಂಟಿ ತಜ್ಞರ ಸಮಿತಿ ಯುಜೆನಾಲ್‌ಗೆ ಹಾಕಿರುವ ಮಿತಿ ದಿನಕ್ಕೆ ಕಿಲೋ ತೂಕಕ್ಕೆ 2.5 ಮಿಲಿಗ್ರಾಂ. ಒಂದು ಹನಿ ಲವಂಗದ ಎಣ್ಣೆಯಲ್ಲಿ ಸುಮಾರು 40 ಮಿಲಿಗ್ರಾಂ ಯುಜೆನಾಲ್ ಇರುತ್ತದೆ. 60 ಕಿಲೋ ತೂಕದವರಿಗೆ ನಾಲ್ಕು ಹನಿಗೇ ಮಿತಿ ದಾಟಿತು. 10 ಕಿಲೋ ತೂಕದ ಮಗುವಿಗೆ? ಒಂದೇ ಹನಿ ಸಾಕು. 5ರಿಂದ 10 ಎಂಎಲ್ ಕುಡಿದ 2 ವರ್ಷದ ಮಗು ಪ್ರಜ್ಞೆ ತಪ್ಪಿ, ಪಿತ್ತಜನಕಾಂಗಕ್ಕೆ ಪೆಟ್ಟಾದದ್ದು 1993ರಲ್ಲಿ ವೈದ್ಯಕೀಯ ದಾಖಲೆಗೆ ಬಂದಿದೆ. ಯುಜೆನಾಲ್ ರಕ್ತದ ಪ್ಲೇಟ್‌ಲೆಟ್‌ಗಳು ಒಟ್ಟುಗೂಡುವುದನ್ನೂ ತಡೆಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು ದೂರ ಇರುವುದೇ ಲೇಸು.

ಹಲ್ಲುನೋವಿಗೆ ಹತ್ತಿಯಲ್ಲಿ ತುಸು ಅದ್ದಿ ಇಟ್ಟು, ಹಲ್ಲಿನ ವೈದ್ಯರ ಬಳಿ ಹೋಗುವವರೆಗೆ ತಳ್ಳಬಹುದು. ಇಮ್ಯುನಿಟಿಗೆ ಅಂತ ದಿನಾ ನುಂಗುವ ವಸ್ತು ಇದಲ್ಲ.

ಉಳಿದವು, ಬೇಗ ಬೇಗ

ಪೆಪ್ಪರ್‌ಮಿಂಟ್‌ನ ಮೆಂಥಾಲ್ ಕಟ್ಟಿದ ಮೂಗು ಬಿಟ್ಟಂತೆ ಅನ್ನಿಸುತ್ತದೆ. ಅಳತೆ ಮಾಡಿದರೆ ಗಾಳಿಯ ಓಡಾಟ ಅಷ್ಟೇ ಇರುತ್ತದೆ. ತಂಪನ್ನು ಗುರುತಿಸುವ ನರದ ಬಾಗಿಲನ್ನು ಅದು ತಟ್ಟುತ್ತದೆ, ಅಷ್ಟೇ. ಮೋಸವಾದರೂ ಹಿತವಾದ ಮೋಸ, ರಾತ್ರಿ ಮಲಗಲು ಸಾಕು. ಎಳೆಮಕ್ಕಳ ಮೂಗಿನ ಹತ್ತಿರ ಮಾತ್ರ ತರಬಾರದು, ಉಸಿರೇ ನಿಲ್ಲುವ ಅಪಾಯ ಇದೆ. ಕರ್ಪೂರ ಇನ್ನೂ ಕಟ್ಟುನಿಟ್ಟು: ಚಿಕ್ಕ ಪ್ರಮಾಣ ನುಂಗಿದರೂ ಮಕ್ಕಳಿಗೆ ಫಿಟ್ಸ್. ಅಮೆರಿಕದಲ್ಲಿ ಹಚ್ಚುವ ಮುಲಾಮುಗಳಲ್ಲಿ ಅದು ಶೇಕಡಾ 11 ಮೀರುವಂತಿಲ್ಲ. ವಿಂಟರ್‌ಗ್ರೀನ್ ಎಣ್ಣೆ ಅಂದರೆ ಬಹುತೇಕ ಬರೀ ಮೀಥೈಲ್ ಸ್ಯಾಲಿಸಿಲೇಟ್. ಅದರ ಒಂದು ಟೀ ಚಮಚ 20ಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗೆ ಸಮ. ಮಕ್ಕಳಿರುವ ಮನೆಗೆ ನಾನಂತೂ ತರುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಕಟ್ಟಿದ ಮೂಗಿಗೆ, ಮನೆಯಲ್ಲಿ ದೊಡ್ಡವರು ಮಾತ್ರ ಇದ್ದರೆ, ನೀಲಗಿರಿ. ಅಗ್ಗವೂ ಹೌದು, ಚಿಕ್ಕ ಬಾಟಲಿ ಬಹಳ ದಿನ ಬರುತ್ತದೆ. ದೀರ್ಘಕಾಲದ ಕೆಮ್ಮು, ಅಸ್ತಮಾ ಇದ್ದರೆ ಬಾಟಲಿ ಬಿಟ್ಟು ಸಿನಿಯೋಲ್ ಕ್ಯಾಪ್ಸೂಲ್ ಬಗ್ಗೆ ವೈದ್ಯರನ್ನೇ ಕೇಳಿ. ಮೊಡವೆಗೆ ಟೀ ಟ್ರೀ, ಆದರೆ ನೀವೇ ಬೆರೆಸುವುದಕ್ಕಿಂತ ಶೇಕಡಾ 5ರ ಸಿದ್ಧ ಜೆಲ್ ಕೊಂಡರೆ ಅಳತೆಯ ತಲೆನೋವು ಇಲ್ಲ. ಮನಸ್ಸಿನ ಹಿತಕ್ಕೆ ಲ್ಯಾವೆಂಡರ್ ಬೇಕು, ಬಜೆಟ್ ಕಡಿಮೆ ಅಂದರೆ ಕಿತ್ತಳೆ ಸಿಪ್ಪೆಯ ಎಣ್ಣೆ ನೋಡಿ. ಲ್ಯಾವೆಂಡರ್ ಬೆಲೆ ಜಾಸ್ತಿ ಆದ್ದರಿಂದ ಅದರಲ್ಲಿ ಕೃತಕ ಲಿನಲೂಲ್ ಬೆರಕೆಯೂ ಜಾಸ್ತಿ. ಎರಡು ವರ್ಷದೊಳಗಿನ ಮಗು ಅಥವಾ ಬೆಕ್ಕು ಇರುವ ಮನೆಗೆ ನನ್ನ ಉತ್ತರ: ಯಾವುದೂ ಬೇಡ. ಬೆಕ್ಕಿನ ಪಿತ್ತಜನಕಾಂಗಕ್ಕೆ ಫೀನಾಲ್‌ಗಳನ್ನು ಕರಗಿಸಿ ಹೊರಹಾಕುವ ಕಿಣ್ವದ ಕೊರತೆ ಇದೆ. ಬಸುರಿಯರೂ ವೈದ್ಯರನ್ನು ಕೇಳದೆ ಕೊಳ್ಳಬಾರದು.

ದುಡ್ಡು ಎಲ್ಲಿ ಉಳಿಸಬಹುದು? 'ಥೆರಪ್ಯೂಟಿಕ್ ಗ್ರೇಡ್' ಅನ್ನುವ ಮಾತಿಗೆ ಹೆಚ್ಚು ಕೊಡಬೇಡಿ, ಹಾಗೊಂದು ಸರ್ಕಾರಿ ದರ್ಜೆ ಇಲ್ಲ. ಅದು ಮಾರುವವರ ಮಾತು. ಎಲ್ಲಿ ಖರ್ಚು ಮಾಡಬೇಕು? ಗಿಡದ ಲ್ಯಾಟಿನ್ ಹೆಸರು, ಬ್ಯಾಚ್ ನಂಬರ್, ಯಾವ ಅಣು ಎಷ್ಟಿದೆ ಎಂದು ತೋರಿಸುವ ಪರೀಕ್ಷಾ ವರದಿ, ಕಪ್ಪು ಗಾಜು ಇರುವ ಚಿಕ್ಕ ಬಾಟಲಿಗೆ. ದೊಡ್ಡ ಬಾಟಲಿ ಅಗ್ಗ ಅನ್ನಿಸುತ್ತದೆ, ಅರ್ಧಕ್ಕೆ ಬರುವಷ್ಟರಲ್ಲಿ ಹಳಸಿರುತ್ತದೆ.

ಮೈಗೆ ಹಚ್ಚುವುದಾದರೆ 30 ಎಂಎಲ್ ಸಾದಾ ಎಣ್ಣೆಗೆ 12 ಹನಿ, ಅಂದರೆ ಶೇಕಡಾ 2. ಮುಖಕ್ಕೆ ಅದರ ಅರ್ಧ. ಲವಂಗ, ಓಮದಂಥ ಖಾರದವಕ್ಕೆ ಅದಕ್ಕೂ ಕಡಿಮೆ. ಮೊದಲು ಮುಂಗೈಯ ಒಳಭಾಗದಲ್ಲಿ ತುಸು ಹಚ್ಚಿ ಎರಡು ದಿನ ಕಾಯಿರಿ. ಡಿಫ್ಯೂಸರ್ ಆದರೆ ಅರ್ಧ ಗಂಟೆ, ಕಿಟಕಿ ತುಸು ತೆರೆದು.

ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿದ್ದುದಕ್ಕಿಂತ ಕಷ್ಟ. ಬಾಟಲಿಯನ್ನು ಕೈಯಲ್ಲೇ ಹಿಡಿದು ಆಸ್ಪತ್ರೆಗೆ ಹೊರಡಿ. ಅಲ್ಲಿ ವೈದ್ಯರು ಮೊದಲು ಕೇಳುವುದೂ ಅದನ್ನೇ: ಯಾವ ಎಣ್ಣೆ, ಎಷ್ಟು ಖಾಲಿಯಾಗಿದೆ?